ಪಾಪ್‌ಅಪ್ ಜಾಹೀರಾತುಗಳ ಕಾಟಕ್ಕೆ ಆರು ಉಪಾಯಗಳು: ಒಂದೇ ಕಂಪ್ಯೂಟರಿನಲ್ಲಿ ಮಾಡಿ ನೋಡಿದ ಹೋಲಿಕೆ

ಕಂಪ್ಯೂಟರಿನಲ್ಲಿ ಬೇಡದ ಜಾಹೀರಾತುಗಳು ತಾವಾಗಿಯೇ ತೆರೆದುಕೊಳ್ಳತೊಡಗಿದಾಗ ಏನು ಮಾಡಬೇಕೆಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಸಾಧನದ ಹೆಸರು ಹೇಳುತ್ತಾರೆ. ಅವರ ಮಾತು ಸುಳ್ಳಲ್ಲ. ಆದರೆ ಅವರು ಎದುರಿಸಿದ ಸೋಂಕೇ ಬೇರೆ, ನಮ್ಮದೇ ಬೇರೆ ಆಗಿರುವುದರಿಂದ ಒಬ್ಬರಿಗೆ ಫಲ ಕೊಟ್ಟದ್ದು ಇನ್ನೊಬ್ಬರಿಗೆ ಕೊಡುವುದಿಲ್ಲ. ಪಿಡಿಎಫ್ ಕಡತಗಳನ್ನು ಪರಿವರ್ತಿಸುವ ಉಚಿತ ತಂತ್ರಾಂಶವೊಂದರ ಜೊತೆಯಲ್ಲಿ ಈ ಕಾಟ ನನ್ನ ಹಳೆಯ ವಿಂಡೋಸ್ 10 ಲ್ಯಾಪ್‌ಟಾಪಿಗೆ ಅಂಟಿಕೊಂಡಾಗ, ಅದನ್ನು ತೆಗೆಯುವ ಮೊದಲು ಇಡೀ ಡಿಸ್ಕಿನ ಒಂದು ಪ್ರತಿಯನ್ನು ಹೊರಗಿನ ಹಾರ್ಡ್ ಡಿಸ್ಕಿಗೆ ಇಳಿಸಿಕೊಂಡೆ. ಒಂದು ಉಪಾಯವನ್ನು ಪರೀಕ್ಷಿಸಿದ ಮೇಲೆ ಆ ಪ್ರತಿಯನ್ನೇ ಮರಳಿ ಹಾಕಿ ಮುಂದಿನದನ್ನು ಪರೀಕ್ಷಿಸಿದೆ. ಹೀಗಾಗಿ ಆರೂ ಉಪಾಯಗಳು ಎದುರಿಸಿದ್ದು ಒಂದೇ ರೋಗವನ್ನು.

ರೋಗದ ಲಕ್ಷಣಗಳು ಮೂರು ಬಗೆಯವಾಗಿದ್ದವು. ಪರದೆಯ ಬಲಬದಿಯ ಕೆಳಮೂಲೆಯಲ್ಲಿ ‘ನಿಮ್ಮ ಕಂಪ್ಯೂಟರಿನಲ್ಲಿ ವೈರಸ್ ಇದೆ’ ಎಂಬಂಥ ಪುಟ್ಟ ಚೌಕಗಳು ಒಂದರ ಮೇಲೊಂದು ಬರುತ್ತಿದ್ದವು. ಕ್ರೋಮ್‌ನಲ್ಲಿ ಏನನ್ನು ಹುಡುಕಿದರೂ ಹುಡುಕಾಟವು ಗುರುತಿಲ್ಲದ ತಾಣವೊಂದರ ಮೂಲಕ ಹಾದುಹೋಗುತ್ತಿತ್ತು. ಮೂರನೆಯದಾಗಿ, ಗಂಟೆಗೊಮ್ಮೆ ಕಪ್ಪು ಕಿಟಕಿಯೊಂದು ಕಣ್ಣು ಮಿಟುಕಿಸುವಷ್ಟರಲ್ಲಿ ಬಂದು ಮಾಯವಾಗುತ್ತಿತ್ತು, ಅದರ ಬೆನ್ನಿಗೇ ಬ್ರೌಸರ್ ತೆರೆದು ಜೂಜಿನ ಜಾಹೀರಾತು ಕಾಣಿಸಿಕೊಳ್ಳುತ್ತಿತ್ತು. ಈ ಮೂರಕ್ಕೂ ಬೇರು ಮೂರು ಬೇರೆಬೇರೆ ಜಾಗಗಳಲ್ಲಿತ್ತು ಎಂಬುದು ನನಗೆ ತಿಳಿದದ್ದು ಪರೀಕ್ಷೆಗಳು ಅರ್ಧ ಮುಗಿದ ಮೇಲೆ. ಮೊದಲೇ ತಿಳಿದಿದ್ದರೆ ಎರಡು ದಿನ ಉಳಿಯುತ್ತಿತ್ತು. ಜಾಹೀರಾತು ಎಲ್ಲಿ, ಯಾವಾಗ ಕಾಣಿಸಿಕೊಳ್ಳುತ್ತದೆ ಎಂಬುದನ್ನು ಗಮನಿಸಿ ಬರೆದಿಟ್ಟುಕೊಳ್ಳದೆ ಯಾವ ಸಾಧನವನ್ನೂ ಇಳಿಸಿಕೊಳ್ಳಬೇಡಿ ಎಂದು ಈಗ ನಾನು ಎಲ್ಲರಿಗೂ ಹೇಳುತ್ತೇನೆ.

ವಿಂಡೋಸ್ ಜೊತೆಗೇ ಬರುವ ಮೈಕ್ರೋಸಾಫ್ಟ್ ಡಿಫೆಂಡರ್‌ನಿಂದ ಆರಂಭಿಸಿದೆ. ಪೂರ್ಣ ಸ್ಕ್ಯಾನ್ ಮುಗಿಯಲು ನನ್ನ ಯಂತ್ರದಲ್ಲಿ ಮೂರು ಗಂಟೆಗೂ ಹೆಚ್ಚು ಹಿಡಿಯಿತು. ಡೌನ್‌ಲೋಡ್ಸ್ ಫೋಲ್ಡರಿನಲ್ಲಿದ್ದ ಆ ಪರಿವರ್ತಕದ ಇನ್‌ಸ್ಟಾಲರನ್ನೂ ಅದು ಬಿಚ್ಚಿಟ್ಟಿದ್ದ ಒಂದು ಕಡತವನ್ನೂ ‘ಬೇಡವಾಗಿರಬಹುದಾದ ತಂತ್ರಾಂಶ’ ಎಂಬ ವರ್ಗದಲ್ಲಿ ಗುರುತಿಸಿ ಪ್ರತ್ಯೇಕವಾಗಿ ಬಂಧಿಸಿಟ್ಟಿತು. ಈ ವರ್ಗವನ್ನು ತಡೆಯುವ ವ್ಯವಸ್ಥೆಗೆ ಸೆಟ್ಟಿಂಗ್‌ಗಳಲ್ಲಿ ಪ್ರತ್ಯೇಕ ಗುಂಡಿ ದೊರೆತದ್ದು 2020ರ ವಿಂಡೋಸ್ 10 ಆವೃತ್ತಿಯಲ್ಲಿ. ವಿಂಡೋಸ್ ಸೆಕ್ಯುರಿಟಿಯೊಳಗೆ ‘ಆ್ಯಪ್ ಮತ್ತು ಬ್ರೌಸರ್ ಕಂಟ್ರೋಲ್’ ತೆರೆದು, ಅಲ್ಲಿ ಖ್ಯಾತಿ ಆಧಾರಿತ ರಕ್ಷಣೆಯ ಪುಟಕ್ಕೆ ಹೋದರೆ ಅದು ಸಿಗುತ್ತದೆ. ನನ್ನ ಲ್ಯಾಪ್‌ಟಾಪಿನಲ್ಲಿ ಅದು ಆಫ್ ಆಗಿತ್ತು, ಆನ್ ಮಾಡಿದ ಮೇಲೆಯೇ ಸ್ಕ್ಯಾನ್ ನಡೆಸಿದ್ದೆ. ಯಾವಾಗಲೋ ನಾನೇ ಆಫ್ ಮಾಡಿದ್ದಿರಬೇಕು. ಅದು ಮೊದಲಿನಿಂದಲೂ ಆನ್ ಆಗಿದ್ದಿದ್ದರೆ ಆ ಇನ್‌ಸ್ಟಾಲರ್ ಬಾಗಿಲಲ್ಲೇ ಸಿಕ್ಕಿಬೀಳುತ್ತಿತ್ತು. ಈ ಕಾರಣಕ್ಕೆ ಡಿಫೆಂಡರನ್ನು ನಾನು ಚಿಕಿತ್ಸೆಗಿಂತ ಕಾವಲಿಗೆ ಹೆಚ್ಚು ಯೋಗ್ಯವೆಂದು ತೂಗುತ್ತೇನೆ. ಯಂತ್ರವನ್ನು ಮರುಚಾಲನೆ ಮಾಡಿ, ವಿಂಡೋಸ್ ಏಳುವ ಮುನ್ನವೇ ಪರಿಶೀಲಿಸುವ ಆಫ್‌ಲೈನ್ ಸ್ಕ್ಯಾನ್ ಕೂಡ ಅದರಲ್ಲಿದೆ. ಆಳವಾಗಿ ಅಡಗಿರುವ ಕಡತಗಳಿಗೆ ಅದು ಬೇಕು, ನನ್ನ ಸಮಸ್ಯೆಗೆ ಬೇಕಿರಲಿಲ್ಲ. ಪೂರ್ಣ ಸ್ಕ್ಯಾನ್ ಮುಗಿದ ಮೇಲೂ ಮೂರೂ ಲಕ್ಷಣಗಳು ಉಳಿದಿದ್ದವು, ಏಕೆಂದರೆ ಅಷ್ಟು ಹೊತ್ತಿಗೆ ಆ ಕಡತಗಳು ತಮ್ಮ ಕೆಲಸ ಮುಗಿಸಿ, ಬ್ರೌಸರಿನ ಮತ್ತು ವಿಂಡೋಸ್‌ನ ಸೆಟ್ಟಿಂಗ್‌ಗಳನ್ನು ಬದಲಿಸಿ ಆಗಿತ್ತು.

ಎರಡನೆಯದು ಆಡ್‌ವ್‌ಕ್ಲೀನರ್. ಇದು ಆಡ್‌ವೇರ್‌ಗೆಂದೇ, ಅಂದರೆ ಬೇಡದ ಜಾಹೀರಾತು ತೋರಿಸುವ ತಂತ್ರಾಂಶಗಳಿಗೆಂದೇ, ರೂಪಿಸಿದ ಉಚಿತ ಸಾಧನ, 2016ರಲ್ಲಿ ಮಾಲ್‌ವೇರ್‌ಬೈಟ್ಸ್ ಸಂಸ್ಥೆ ಇದನ್ನು ತನ್ನದಾಗಿಸಿಕೊಂಡಿತು. ಇದನ್ನು ಇನ್‌ಸ್ಟಾಲ್ ಮಾಡಬೇಕಾಗಿಲ್ಲ. ಇಳಿಸಿಕೊಂಡ ಒಂದೇ ಕಡತವನ್ನು ತೆರೆದರೆ ಕೆಲಸ ಆರಂಭವಾಗುತ್ತದೆ, ನನ್ನಲ್ಲಿ ಎರಡು ನಿಮಿಷದೊಳಗೆ ಸ್ಕ್ಯಾನ್ ಮುಗಿಯಿತು. ಹುಡುಕಾಟವನ್ನು ದಿಕ್ಕು ತಪ್ಪಿಸುತ್ತಿದ್ದ ಎಕ್ಸ್‌ಟೆನ್ಷನ್ (ಬ್ರೌಸರಿಗೆ ಸೇರಿಸುವ ಪುಟ್ಟ ತಂತ್ರಾಂಶ), ಅದು ಉಳಿಸಿದ್ದ ಫೋಲ್ಡರುಗಳು, ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ರಿಜಿಸ್ಟ್ರಿಯಲ್ಲಿನ ಕೆಲವು ನಮೂದುಗಳು ಪಟ್ಟಿಯಲ್ಲಿ ಕಾಣಿಸಿಕೊಂಡವು. ಯಾವುದನ್ನು ತೆಗೆಯಬೇಕೆಂದು ಟಿಕ್ ಮಾಡಿ ಒಪ್ಪಿಗೆ ಕೊಟ್ಟ ಮೇಲೆ ಅವೆಲ್ಲ ಬಂಧನಕ್ಕೆ ಹೋದವು. ಅಳಿಸದೆ ಬಂಧನದಲ್ಲಿಡುವುದರಿಂದ ಬೇಕಾದ ಕಡತ ತಪ್ಪಿ ಹೋಗಿದ್ದರೂ ಮರಳಿ ಪಡೆಯಬಹುದು. ಪಟ್ಟಿಯನ್ನು ಓದದೆ ಎಲ್ಲಕ್ಕೂ ಟಿಕ್ ಹಾಕುವುದು ಮಾತ್ರ ಸಲ್ಲದು, ಏಕೆಂದರೆ ಲ್ಯಾಪ್‌ಟಾಪ್ ತಯಾರಕರು ಮೊದಲೇ ಹಾಕಿಕೊಟ್ಟ ತಂತ್ರಾಂಶಗಳನ್ನೂ ಇದು ಬೇರೆ ಗುಂಪಾಗಿ ತೋರಿಸುತ್ತದೆ, ಅವುಗಳಲ್ಲಿ ಕೆಲವು ನಮಗೆ ಬೇಕಾದವೇ ಇರಬಹುದು.

ಈ ಸಾಧನದ ನಿಜವಾದ ಬಲ ಇರುವುದು ಅದರ ಸೆಟ್ಟಿಂಗ್‌ಗಳ ಪುಟದಲ್ಲಿ, ಬಹಳ ಮಂದಿ ಅಲ್ಲಿಗೆ ಹೋಗುವುದೇ ಇಲ್ಲ. ಕ್ರೋಮ್‌ನ ನೀತಿಗಳನ್ನು, ಪ್ರಾಕ್ಸಿಯನ್ನು (ನಮ್ಮ ಸಂಪರ್ಕ ಹಾದುಹೋಗುವ ಮಧ್ಯವರ್ತಿ ಯಂತ್ರ), ಹೋಸ್ಟ್ಸ್ ಕಡತವನ್ನು (ತಾಣದ ಹೆಸರು ಯಾವ ವಿಳಾಸಕ್ಕೆ ಹೋಗಬೇಕೆಂದು ಹೇಳುವ ಪಟ್ಟಿ) ಮೂಲಸ್ಥಿತಿಗೆ ತರುವ ಆಯ್ಕೆಗಳು ಅಲ್ಲಿ ಒಂದರ ಕೆಳಗೊಂದು ಇವೆ. ನನ್ನ ಕ್ರೋಮ್‌ನಲ್ಲಿ ಆ ಎಕ್ಸ್‌ಟೆನ್ಷನ್‌ಗೆ ‘ತೆಗೆದುಹಾಕು’ ಎಂಬ ಗುಂಡಿಯೇ ಇರಲಿಲ್ಲ, ಮೆನುವಿನ ಕೊನೆಯಲ್ಲಿ ‘ನಿಮ್ಮ ಸಂಸ್ಥೆಯು ಇದನ್ನು ನಿರ್ವಹಿಸುತ್ತಿದೆ’ ಎಂಬ ಸಾಲು ಇತ್ತು. ಮನೆಯ ಕಂಪ್ಯೂಟರಿಗೆ ಸಂಸ್ಥೆ ಎಲ್ಲಿಂದ ಬಂತು? ಕಚೇರಿಗಳು ತಮ್ಮ ಯಂತ್ರಗಳಲ್ಲಿ ಕಡ್ಡಾಯ ಎಕ್ಸ್‌ಟೆನ್ಷನ್‌ಗಳನ್ನು ಹಾಕಲು ಬಳಸುವ ನೀತಿ ಎಂಬ ವ್ಯವಸ್ಥೆಯನ್ನೇ ಆಡ್‌ವೇರ್ ತನ್ನ ರಕ್ಷಣೆಗೆ ಬಳಸಿಕೊಂಡಿತ್ತು. ನೀತಿಗಳನ್ನು ಮರುಹೊಂದಿಸುವ ಆಯ್ಕೆಯನ್ನು ಆನ್ ಮಾಡಿ ಎರಡನೆಯ ಬಾರಿ ನಡೆಸಿದಾಗ ಆ ಸಾಲು ಮಾಯವಾಯಿತು, ಹುಡುಕಾಟ ನೆಟ್ಟಗಾಯಿತು. ಗಂಟೆಗೊಮ್ಮೆ ಬರುವ ಜೂಜಿನ ಪುಟ ಮಾತ್ರ ನಿಲ್ಲಲಿಲ್ಲ. ಇದನ್ನು ಆ ಸಾಧನದ ದೋಷವೆನ್ನಲಾರೆ. ಅದಕ್ಕೆ ಕಾರಣವನ್ನು ಕೈಯಿಂದ ಶೋಧಿಸುವಾಗ ಕಂಡೆ.

ಅದೇ ಸಂಸ್ಥೆಯ ಪೂರ್ಣ ತಂತ್ರಾಂಶವಾದ ಮಾಲ್‌ವೇರ್‌ಬೈಟ್ಸ್ ಅನ್ನೂ ಪರೀಕ್ಷಿಸಿದೆ. ಇದನ್ನು ಇನ್‌ಸ್ಟಾಲ್ ಮಾಡಬೇಕು. ಪ್ರಾಯೋಗಿಕ ಅವಧಿ ಮುಗಿದ ಮೇಲೆ, ಹಣ ಕೊಡದಿದ್ದರೆ, ಸತತ ಕಾವಲು ಇಲ್ಲವಾಗಿ, ನಾವು ಕೇಳಿದಾಗ ಸ್ಕ್ಯಾನ್ ಮಾಡುವ ಸೌಲಭ್ಯ ಮಾತ್ರ ಉಳಿಯುತ್ತದೆ. ಆಡ್‌ವೇರ್ ಒಂದೇ ಅಲ್ಲ, ಬೇರೇನಾದರೂ ಒಳನುಗ್ಗಿದೆ ಎಂಬ ಸಂಶಯವಿದ್ದಾಗ ಇದು ಬೇಕು. ನನ್ನ ಮಟ್ಟಿಗೆ ಆಡ್‌ವ್‌ಕ್ಲೀನರ್ ಮಾಡಿದ್ದಕ್ಕಿಂತ ಹೆಚ್ಚೇನೂ ಇದಕ್ಕೆ ಉಳಿದಿರಲಿಲ್ಲ.

ನಾಲ್ಕನೆಯದು ಯಾವ ಸಾಧನವನ್ನೂ ಬಳಸದೆ ಕೈಯಿಂದ ತೆಗೆಯುವುದು. ಇದಕ್ಕೆ ಒಂದು ಇಡೀ ಸಂಜೆ ಹಿಡಿಯಿತು, ಆದರೆ ಮೂರೂ ಬೇರುಗಳು ಕಣ್ಣಿಗೆ ಬಿದ್ದದ್ದು ಇಲ್ಲಿಯೇ. ಕೆಳಮೂಲೆಯ ಚೌಕಗಳು ತಂತ್ರಾಂಶದ ಕೆಲಸವೇ ಆಗಿರಲಿಲ್ಲ. ಯಾವುದೋ ತಾಣವು ‘ನೀವು ರೋಬೋ ಅಲ್ಲವೆಂದು ಸಾಬೀತುಪಡಿಸಲು ಅಲೋ ಒತ್ತಿ’ ಎಂದು ಕೇಳಿದಾಗ ಒತ್ತಿದ್ದು ನಾನೇ. ಹಾಗೆ ಒತ್ತಿದ್ದು ರೋಬೋ ಪರೀಕ್ಷೆಗಲ್ಲ, ನೋಟಿಫಿಕೇಶನ್ ಕಳಿಸಲು ಕೊಟ್ಟ ಅನುಮತಿ. ಕ್ರೋಮ್‌ನ ಸೆಟ್ಟಿಂಗ್‌ಗಳಲ್ಲಿ ‘ಗೌಪ್ಯತೆ ಮತ್ತು ಭದ್ರತೆ’, ಅದರೊಳಗೆ ‘ಸೈಟ್ ಸೆಟ್ಟಿಂಗ್’, ಅದರೊಳಗೆ ‘ನೋಟಿಫಿಕೇಶನ್’ ತೆರೆದರೆ ಅನುಮತಿ ಪಡೆದ ತಾಣಗಳ ಪಟ್ಟಿ ಸಿಗುತ್ತದೆ. ಗುರುತಿಲ್ಲದ ನಾಲ್ಕು ತಾಣಗಳನ್ನು ಅಲ್ಲಿಂದ ತೆಗೆದ ಕ್ಷಣವೇ ಚೌಕಗಳು ನಿಂತವು. ಸ್ಕ್ಯಾನರುಗಳು ‘ಏನೂ ಇಲ್ಲ’ ಎಂದು ಹೇಳಿದರೂ ಕಾಟ ಮುಂದುವರಿಯುತ್ತಿದೆ ಎಂದು ದೂರುವವರು ಮೊದಲು ನೋಡಬೇಕಾದ ಜಾಗ ಇದೇ. ಸ್ಕ್ಯಾನರುಗಳು ತಪ್ಪು ಹೇಳುತ್ತಿಲ್ಲ, ಬಳಕೆದಾರರೇ ಕೊಟ್ಟ ಅನುಮತಿ ಅವುಗಳ ಕಣ್ಣಿಗೆ ಸೋಂಕಲ್ಲ.

ಗಂಟೆಗೊಮ್ಮೆ ಬರುವ ಕಪ್ಪು ಕಿಟಕಿಯ ಬೇರು, ನಿಗದಿತ ಹೊತ್ತಿಗೆ ಕೆಲಸಗಳನ್ನು ತಾನಾಗಿ ನಡೆಸುವ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರಿನಲ್ಲಿತ್ತು. ನೋಡಿದರೆ ಯಾವುದೋ ತಂತ್ರಾಂಶದ ಅಪ್‌ಡೇಟರ್ ಎನಿಸುವಂಥ ಹೆಸರಿನ ಕಾರ್ಯವೊಂದು ಅಲ್ಲಿತ್ತು. ಅದನ್ನು ತೆರೆದು ‘ಆ್ಯಕ್ಷನ್ಸ್’ ಎಂಬ ಪುಟಕ್ಕೆ ಹೋದಾಗ, ವಿಂಡೋಸ್‌ನದೇ ಆದ ಕಮಾಂಡ್ ಪ್ರಾಂಪ್ಟನ್ನು ಕರೆದು ‘ಈ ವಿಳಾಸವನ್ನು ತೆರೆ’ ಎಂದು ಹೇಳುವ ಒಂದೇ ಸಾಲು ಕಾಣಿಸಿತು. ‘ಟ್ರಿಗರ್ಸ್’ ಪುಟದಲ್ಲಿ, ಲಾಗಿನ್ ಆದ ಮೇಲೆ ಪ್ರತಿ ಗಂಟೆಗೊಮ್ಮೆ ಪುನರಾವರ್ತಿಸು ಎಂಬ ಸೂಚನೆ. ಇಲ್ಲಿ ದುಷ್ಟ ಕಡತವೇ ಇಲ್ಲ. ಇರುವುದು ವಿಂಡೋಸ್‌ನ ಸಾಧನ ಮತ್ತು ಒಂದು ವಿಳಾಸ, ಅಷ್ಟೇ. ಕಡತಗಳನ್ನು ಗುರುತಿಸುವ ಸ್ಕ್ಯಾನರಿಗೆ ಇದು ಜಾರಿಹೋಗುವುದು ಸಹಜ. ಡೆಸ್ಕ್‌ಟಾಪಿನಲ್ಲಿದ್ದ ಕ್ರೋಮ್ ಶಾರ್ಟ್‌ಕಟ್ಟಿನ ‘ಟಾರ್ಗೆಟ್’ ಸಾಲಿನಲ್ಲೂ ಇಂಥದೇ ಕೈಚಳಕ ನಡೆದಿತ್ತು. ಕ್ರೋಮ್‌ನ ದಾರಿ ಮುಗಿದು ಉದ್ಧರಣ ಚಿಹ್ನೆ ಮುಚ್ಚಿದ ಮೇಲೆ ಒಂದು ಖಾಲಿ ಜಾಗ, ಆ ಮೇಲೆ ಜಾಹೀರಾತು ತಾಣದ ವಿಳಾಸ. ಸಾಲು ಉದ್ದವಾಗಿದ್ದರಿಂದ ಬಲಕ್ಕೆ ಸರಿಸಿ ನೋಡುವವರೆಗೆ ಅದು ಕಾಣುತ್ತಿರಲಿಲ್ಲ.

ನೀತಿಯ ವಿಷಯವನ್ನೂ ಕೈಯಿಂದ ಬಗೆಹರಿಸಬಹುದು. ಕ್ರೋಮ್‌ನ ವಿಳಾಸಪಟ್ಟಿಯಲ್ಲಿ ‘ಕ್ರೋಮ್://ಪಾಲಿಸಿ’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಜಾರಿಯಲ್ಲಿರುವ ನೀತಿಗಳು ಕಾಣುತ್ತವೆ. ಬಲವಂತದ ಎಕ್ಸ್‌ಟೆನ್ಷನ್‌ಗಳ ಪಟ್ಟಿಯಲ್ಲಿ 32 ಅಕ್ಷರಗಳ ಒಂದು ಗುರುತು ಇರುತ್ತದೆ. ಅದನ್ನು ಎಕ್ಸ್‌ಟೆನ್ಷನ್ ಪುಟದಲ್ಲಿರುವ ಗುರುತಿನ ಜೊತೆ ಅಕ್ಷರಕ್ಕೆ ಅಕ್ಷರ ಹೋಲಿಸಿ, ಎರಡೂ ಒಂದೇ ಎಂದು ಖಚಿತಪಡಿಸಿಕೊಂಡ ಮೇಲೆ ರಿಜಿಸ್ಟ್ರಿಯಲ್ಲಿ ಆ ನಮೂದನ್ನು ಅಳಿಸಿದೆ, ಅದಕ್ಕೂ ಮುನ್ನ ಆ ಭಾಗದ ಪ್ರತಿ ತೆಗೆದಿಟ್ಟುಕೊಂಡೆ. ಕಚೇರಿಯೋ ಕಾಲೇಜೋ ಕೊಟ್ಟ ಯಂತ್ರವಾದರೆ ಇದಕ್ಕೆ ಕೈ ಹಾಕಬಾರದು, ಅಲ್ಲಿ ಆ ಸಾಲು ನಿಜವೇ ಆಗಿರುತ್ತದೆ. ರಿಜಿಸ್ಟ್ರಿ ಎಂದರೆ ಭಯವಾಗುವವರಿಗೆ ಮೈಕ್ರೋಸಾಫ್ಟ್ ಉಚಿತವಾಗಿ ಕೊಡುವ ಆಟೋರನ್ಸ್ ಎಂಬ ಸಾಧನ ಒಳ್ಳೆಯ ಜೊತೆಗಾರ. ಕಂಪ್ಯೂಟರ್ ಏಳುವಾಗ ತಾನಾಗಿ ಆರಂಭವಾಗುವ ಎಲ್ಲವನ್ನೂ, ಟಾಸ್ಕ್ ಶೆಡ್ಯೂಲರಿನ ಕಾರ್ಯಗಳನ್ನೂ, ಅದು ಒಂದೆಡೆ ತೋರಿಸುತ್ತದೆ. ಟಿಕ್ ತೆಗೆದರೆ ನಮೂದು ಅಳಿಯದೆ ನಿಷ್ಕ್ರಿಯವಾಗುತ್ತದೆ, ತಪ್ಪಾಯಿತೆನಿಸಿದರೆ ಮತ್ತೆ ಟಿಕ್ ಹಾಕಬಹುದು.

ತಂತ್ರಾಂಶವನ್ನು ಅನ್‌ಇನ್‌ಸ್ಟಾಲ್ ಮಾಡಿದೊಡನೆ ಕೆಲಸ ಮುಗಿಯಿತೆಂದು ತಿಳಿಯುವಂತಿಲ್ಲ ಎಂಬುದಕ್ಕೆ ಲೆನೊವೊ ಲ್ಯಾಪ್‌ಟಾಪುಗಳಲ್ಲಿ ಮೊದಲೇ ಸೇರಿ ಬಂದಿದ್ದು 2015ರಲ್ಲಿ ಬಯಲಾದ ಸೂಪರ್‌ಫಿಶ್ ಎಂಬ ಆಡ್‌ವೇರ್ ದೊಡ್ಡ ಉದಾಹರಣೆ. ಪುಟಗಳೊಳಗೆ ಜಾಹೀರಾತು ತುರುಕಲು ಅದು ತನ್ನದೇ ಮೂಲ ಪ್ರಮಾಣಪತ್ರವನ್ನು (ಯಾವ ತಾಣ ಅಸಲಿ ಎಂದು ಕಂಪ್ಯೂಟರ್ ನಂಬಲು ಆಧಾರವಾಗುವ ಗುರುತು) ವಿಂಡೋಸ್‌ನಲ್ಲಿ ನೆಟ್ಟಿತ್ತು. ತಂತ್ರಾಂಶವನ್ನು ತೆಗೆದರೂ ಆ ಪ್ರಮಾಣಪತ್ರ ಉಳಿಯುತ್ತಿತ್ತು, ಅದನ್ನು ಪ್ರತ್ಯೇಕವಾಗಿ ಕಿತ್ತುಹಾಕಬೇಕಾಗಿತ್ತು. ಡಿಫೆಂಡರ್ ಅಂದು ತಂತ್ರಾಂಶ ಮತ್ತು ಪ್ರಮಾಣಪತ್ರ ಎರಡನ್ನೂ ತೆಗೆಯುವ ಅಪ್‌ಡೇಟ್ ತಂದದ್ದು ಅದರ ಪರವಾಗಿ ಹೇಳಲೇಬೇಕಾದ ಮಾತು.

ಬ್ರೌಸರನ್ನು ಮೂಲಸ್ಥಿತಿಗೆ ಮರಳಿಸುವ ಉಪಾಯ ಸುಲಭ, ನಿಮಿಷದೊಳಗಿನ ಕೆಲಸ. ಕ್ರೋಮ್‌ನಲ್ಲಿ ಬುಕ್‌ಮಾರ್ಕುಗಳೂ ಉಳಿಸಿದ ಪಾಸ್‌ವರ್ಡುಗಳೂ ಹಾಗೇ ಇರುತ್ತವೆ, ಎಕ್ಸ್‌ಟೆನ್ಷನ್‌ಗಳು ನಿಷ್ಕ್ರಿಯವಾಗುತ್ತವೆ, ಕುಕಿಗಳು (ತಾಣಗಳು ಬ್ರೌಸರಿನಲ್ಲಿ ಉಳಿಸುವ ಪುಟ್ಟ ಮಾಹಿತಿ) ಹೋಗುತ್ತವೆ. ಫೈರ್‌ಫಾಕ್ಸ್‌ನ ‘ರಿಫ್ರೆಶ್’ ಹಳೆಯ ಮಾಹಿತಿಯನ್ನು ಡೆಸ್ಕ್‌ಟಾಪಿನಲ್ಲಿ ಫೋಲ್ಡರಾಗಿ ತೆಗೆದಿಡುತ್ತದೆ, ಈ ಎಚ್ಚರಿಕೆ ನನಗೆ ಮೆಚ್ಚುಗೆಯಾಯಿತು. ಆದರೆ ನೀತಿಯ ಬಲದಿಂದ ಕುಳಿತ ಎಕ್ಸ್‌ಟೆನ್ಷನ್ ಇದಕ್ಕೆ ಜಗ್ಗುವುದಿಲ್ಲ, ಟಾಸ್ಕ್ ಶೆಡ್ಯೂಲರ್ ಬ್ರೌಸರಿನ ಹೊರಗಿರುವುದರಿಂದ ಅದಕ್ಕೂ ಇದರ ಕೈ ತಲುಪುವುದಿಲ್ಲ. ನೀತಿಯನ್ನು ಮೊದಲು ತೆಗೆದು ಆ ನಂತರ ಇದನ್ನು ಮಾಡಿದರೆ ಮಾತ್ರ ಪ್ರಯೋಜನ.

ಕೊನೆಯದು ವಿಂಡೋಸ್‌ನ ‘ಈ ಪಿಸಿಯನ್ನು ಮರುಹೊಂದಿಸು’ ಎಂಬ ಆಯ್ಕೆ. ನನ್ನ ಕಡತಗಳನ್ನು ಉಳಿಸು ಎಂದು ಆರಿಸಿ ನಡೆಸಿದಾಗ ಮೂರೂ ಲಕ್ಷಣಗಳು ಹೋದವು, ನಾನು ಹಾಕಿಕೊಂಡಿದ್ದ ತಂತ್ರಾಂಶಗಳೂ ಜೊತೆಗೆ ಹೋದವು. ಅವನ್ನೆಲ್ಲ ಮತ್ತೆ ಹಾಕಿ ಹೊಂದಿಸಲು ಎರಡು ದಿನ ಬೇಕಾಯಿತು. ಇಷ್ಟಾದರೂ ಎರಡು ಎಳೆಗಳು ಉಳಿದೇ ಇದ್ದವು. ಕಡತಗಳನ್ನು ಉಳಿಸಿಕೊಂಡದ್ದರಿಂದ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಆ ಪರಿವರ್ತಕದ ಇನ್‌ಸ್ಟಾಲರ್ ಹಾಗೆಯೇ ಕುಳಿತಿತ್ತು. ಕ್ರೋಮ್‌ಗೆ ನನ್ನ ಖಾತೆಯಿಂದ ಲಾಗಿನ್ ಆದೊಡನೆ, ಹಿಂದೊಮ್ಮೆ ನಾನೇ ಹಾಕಿಕೊಂಡಿದ್ದ ಬೆಲೆ ಹೋಲಿಸುವ ಎಕ್ಸ್‌ಟೆನ್ಷನ್ ಸಿಂಕ್ ಮೂಲಕ ಮರಳಿ ಬಂತು. ಅದೂ ಪುಟಗಳೊಳಗೆ ಜಾಹೀರಾತು ಸೇರಿಸುತ್ತಿತ್ತು ಎಂಬುದು ಅಲ್ಲಿಯವರೆಗೆ ಉಳಿದ ಗದ್ದಲದಲ್ಲಿ ನನ್ನ ಗಮನಕ್ಕೆ ಬಂದಿರಲಿಲ್ಲ.

ಜಾಹೀರಾತು ತಡೆಯುವ ಎಕ್ಸ್‌ಟೆನ್ಷನ್‌ಗಳನ್ನು ನಾನು ಈ ಹೋಲಿಕೆಗೆ ಸೇರಿಸಲಿಲ್ಲ. ಯುಬ್ಲಾಕ್ ಆರಿಜಿನ್ ನಾನು ದಿನವೂ ಬಳಸುವ ಒಳ್ಳೆಯ ಸಾಧನ, ಆದರೆ ಅದು ತಾಣಗಳ ಜಾಹೀರಾತನ್ನು ತಡೆಯುತ್ತದೆಯೇ ಹೊರತು ಯಂತ್ರದೊಳಗೆ ಕುಳಿತ ಆಡ್‌ವೇರನ್ನು ತೆಗೆಯುವುದಿಲ್ಲ. ಜಾಹೀರಾತು ಕಣ್ಮರೆಯಾದರೆ ರೋಗ ವಾಸಿಯಾಯಿತೆಂಬ ಭ್ರಮೆ ಹುಟ್ಟುವುದೂ ಉಂಟು. ಪರಿಹಾರ ಹುಡುಕುವಾಗ ಎದುರಾಗುವ ‘ಉಚಿತ ಕ್ಲೀನರ್’ಗಳ ಬಗ್ಗೆಯೂ ಎಚ್ಚರ ಬೇಕು. ಅಂಥದೊಂದನ್ನು ನಡೆಸಿದಾಗ ಅದು ನೂರಾರು ‘ಅಪಾಯ’ಗಳನ್ನು ಕೆಂಪು ಅಕ್ಷರಗಳಲ್ಲಿ ತೋರಿಸಿ, ತೆಗೆಯಬೇಕಾದರೆ ಹಣ ಕಟ್ಟಿ ಎಂದಿತು. ತೆರೆದು ನೋಡಿದರೆ ಅವುಗಳಲ್ಲಿ ಬಹುಪಾಲು ಸಾಮಾನ್ಯ ಕುಕಿಗಳು.

ನಾನೀಗ ಇನ್ನೊಬ್ಬರ ಯಂತ್ರವನ್ನು ನೋಡುವಾಗ ಮೊದಲು ನೋಟಿಫಿಕೇಶನ್ ಪಟ್ಟಿ ತೆರೆಯುತ್ತೇನೆ, ನಂತರ ಇನ್‌ಸ್ಟಾಲ್ ಆದ ತಂತ್ರಾಂಶಗಳನ್ನು ದಿನಾಂಕದ ಕ್ರಮದಲ್ಲಿಟ್ಟು ಕಾಟ ಆರಂಭವಾದ ದಿನದ ಆಸುಪಾಸಿನವನ್ನು ಪರಿಶೀಲಿಸಿ ತೆಗೆಯುತ್ತೇನೆ. ಆಮೇಲೆ ನೀತಿಯ ಆಯ್ಕೆಯನ್ನು ಆನ್ ಮಾಡಿ ಆಡ್‌ವ್‌ಕ್ಲೀನರ್ ನಡೆಸುತ್ತೇನೆ. ಅದರ ನಂತರವೂ ಏನಾದರೂ ತಾನಾಗಿ ತೆರೆದುಕೊಂಡರೆ ಟಾಸ್ಕ್ ಶೆಡ್ಯೂಲರ್ ಮತ್ತು ಶಾರ್ಟ್‌ಕಟ್ಟುಗಳತ್ತ ತಿರುಗುತ್ತೇನೆ. ಇಷ್ಟಕ್ಕೆ ಒಂದು ಗಂಟೆ ಸಾಕು. ಹೊರಡುವ ಮುನ್ನ ಡಿಫೆಂಡರಿನ ಆ ಗುಂಡಿ ಆನ್ ಇದೆಯೇ ಎಂದು ನೋಡುತ್ತೇನೆ. ಹುಡುಕಾಟವನ್ನು ಕದ್ದ ಎಕ್ಸ್‌ಟೆನ್ಷನ್‌ಗೆ ‘ಎಲ್ಲ ತಾಣಗಳಲ್ಲಿನ ನಿಮ್ಮ ಮಾಹಿತಿಯನ್ನು ಓದುವ ಮತ್ತು ಬದಲಿಸುವ’ ಅನುಮತಿ ಇತ್ತು. ಅದು ನನ್ನ ಯಾವ ಮಾಹಿತಿಯನ್ನು ಓದಿತ್ತು ಎಂಬುದನ್ನು ಯಾವ ಸ್ಕ್ಯಾನರೂ ಹೇಳಲಾರದು. ಆದ್ದರಿಂದ ಯಂತ್ರ ಶುದ್ಧವಾದ ದಿನವೇ, ಬೇರೊಂದು ಸಾಧನದಿಂದ, ಮೊದಲು ಇಮೇಲ್, ಆ ಮೇಲೆ ಬ್ಯಾಂಕ್ ಖಾತೆಯ ಪಾಸ್‌ವರ್ಡುಗಳನ್ನು ಬದಲಿಸಿ, ಉಳಿದೆಲ್ಲ ಕಡೆಗಳಿಂದ ಲಾಗೌಟ್ ಮಾಡಿದೆ.