ರೋಡ್‌ಕಿಂಗ್‌ಗೆ ರೆಡಿಮೇಡ್ ಬ್ರೇಕ್ ಶೂ: ಡಬ್ಬಿ ಚೆನ್ನಾಗಿದೆ, ಬ್ರೇಕ್ ಹಿಡಿಯಲ್ಲ

ನನ್ನ ಹಳೆ ಯೆಜ್ಡಿ ರೋಡ್‌ಕಿಂಗ್ ಬೈಕಿನ ಮುಂದಿನ ಚಕ್ರಕ್ಕೆ ರೆಡಿಮೇಡ್ ಬ್ರೇಕ್ ಶೂ (ಚಕ್ರದ ನಡುವಿನ ಡ್ರಮ್ಮಿಗೆ ಒಳಗಿಂದ ಒತ್ತಿ ಗಾಡಿ ನಿಲ್ಲಿಸುವ ಬಾಗಿದ ತುಂಡುಗಳು) ತಂದೆ. ಡಬ್ಬಿಯ ಮೇಲೆ ‘ಒರಿಜಿನಲ್ ಫಿಟ್’ ಎಂದು ಅಚ್ಚು ಹಾಕಿದವರು ಒಮ್ಮೆಯಾದರೂ ಯೆಜ್ಡಿ ಚಕ್ರ ಬಿಚ್ಚಿದ್ದಾರಾ ಅಂತ ನನಗೆ ಅನುಮಾನ. ಪಿನ್ ಮೇಲೆ ಕೂರುವ ತುದಿಯಲ್ಲಿ ಎರಕದ ಗಂಟು ಹಾಗೇ ಇತ್ತು. ಅರದಲ್ಲಿ ಉಜ್ಜಿ ಕೂರಿಸಿದ್ದಾಯಿತು. ಸ್ಪ್ರಿಂಗ್ ಸಿಕ್ಕಿಸುವ ತೂತು ಎರಡು ಶೂನಲ್ಲೂ ಒಂದೇ ಜಾಗದಲ್ಲಿಲ್ಲ. ಹೋಗಲಿ ಬಿಡಿ, ಹಳೆ ಗಾಡಿ ಇಟ್ಟುಕೊಂಡವರ ಮನೆಯಲ್ಲಿ ಅರ ಇದ್ದೇ ಇರುತ್ತದೆ. ಆದರೆ ಲಿವರ್ ಹ್ಯಾಂಡಲ್‌ಗೆ ತಾಗುವಷ್ಟು ಎಳೆದರೂ ಗಾಡಿ ತನ್ನ ಪಾಡಿಗೆ ಹೋಗುತ್ತಿದ್ದರೆ ಏನು ಮಾಡೋದು?

ಟೂ ಸ್ಟ್ರೋಕ್ ಗಾಡಿಗೆ ಇದು ಸಣ್ಣ ವಿಷಯ ಅಲ್ಲ. ಆಕ್ಸಿಲರೇಟರ್ ಬಿಟ್ಟರೆ ಫೋರ್ ಸ್ಟ್ರೋಕ್ ಥರ ಎಂಜಿನ್ ಹಿಡಿಯುವುದಿಲ್ಲ. ಚಾಮುಂಡಿ ಬೆಟ್ಟ ಇಳಿಯುವಾಗ ಎಲ್ಲ ಭಾರವೂ ಎರಡು ಡ್ರಮ್ ಮೇಲೆಯೇ. ಯೆಜ್ಡಿ ಮಾಡುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿತು. ಹಳೆ ಸ್ಟಾಕ್ ಎಲ್ಲೋ ಅಂಗಡಿ ಅಟ್ಟದಲ್ಲಿ ಸಿಕ್ಕರೆ ಅದೃಷ್ಟ, ಉಳಿದದ್ದೆಲ್ಲ ಯಾರೋ ಅಳತೆ ನೋಡಿ ಎರಕ ಹೊಯ್ದದ್ದು. 2022ರಲ್ಲಿ ಯೆಜ್ಡಿ ಹೆಸರು ವಾಪಸ್ ಬಂತಲ್ಲ ಎನ್ನುವವರಿಗೆ: ಅದು ಫೋರ್ ಸ್ಟ್ರೋಕ್, ಡಿಸ್ಕ್ ಬ್ರೇಕ್, ಅದರ ಸಾಮಾನಿಗೂ ನಮ್ಮ ಗಾಡಿಗೂ ಸಂಬಂಧವಿಲ್ಲ.

ಮಾರಿದವರನ್ನು ಮನಸಾರೆ ಬೈದುಕೊಂಡೇ ಚಕ್ರ ಮತ್ತೆ ಬಿಚ್ಚಿದೆ. ಲೈನರ್ (ಶೂ ಮೇಲೆ ಅಂಟಿಸಿದ, ಡ್ರಮ್ಮಿಗೆ ಉಜ್ಜುವ ಪಟ್ಟಿ) ಮೇಲೆ ಪೂರ್ತಿ ಚಾಕ್‌ಪೀಸ್ ಬಳಿದು, ಜೋಡಿಸಿ, ಬ್ರೇಕ್ ಮೆತ್ತಗೆ ಹಿಡಿದು ಚಕ್ರ ತಿರುಗಿಸಿ, ಬಿಚ್ಚಿ ನೋಡಿದರೆ ನಡುವಿನಲ್ಲಿ ಎರಡು ಬೆರಳಗಲ ಮಾತ್ರ ಅಳಿಸಿತ್ತು. ಎರಡು ತುದಿಯಲ್ಲೂ ಚಾಕ್ ಬಿಳಿಯಾಗಿ ಹಾಗೇ ಇದೆ. ಆಗ ನನ್ನ ಸಿಟ್ಟು ಅರ್ಧ ಇಳಿಯಿತು. ಇಷ್ಟು ವರ್ಷ ಸವೆದು ನನ್ನ ಡ್ರಮ್ಮೇ ಅಗಲವಾಗಿದೆ. ಅಳತೆಗೆ ಸರಿಯಾಗಿ ಮಾಡಿದ ಶೂ ಹಾಕಿದರೂ ನಡುವೆ ಮಾತ್ರ ತಾಗುತ್ತದೆ, ಶೂಗಳನ್ನು ಅಗಲಿಸುವ ಕ್ಯಾಮ್ ಜಾಸ್ತಿ ತಿರುಗಬೇಕು, ಲಿವರ್ ಸೀದಾ ಒಳಗೆ ಬರುತ್ತದೆ. ಎರಕದ ಗಂಟಿಗೆ ಮಾತ್ರ ಕ್ಷಮೆ ಇಲ್ಲ.

ಡಿಸ್ಕ್ ಕೂರಿಸಿ ಅಂದವರೂ ಇದ್ದರು. ಅಷ್ಟು ದುಡ್ಡೂ ಇಲ್ಲ, ಆ ಹಬ್ (ಡ್ರಮ್ ಇರುವ ಚಕ್ರದ ನಡುಭಾಗ) ಬಿಡುವ ಮನಸ್ಸೂ ಇಲ್ಲ. ಕೊನೆಗೆ ಹಳೆಯ ಅಲ್ಯೂಮಿನಿಯಂ ಶೂಗಳನ್ನೇ ಹುಡುಕಿ ತೆಗೆದು ಲೈನರ್ ಅಂಟಿಸುವವರ ಹತ್ತಿರ ಒಯ್ದೆ. ಯಜಮಾನರು ಶೂ ಮುಟ್ಟಲೂ ಇಲ್ಲ. “ಡ್ರಮ್ ಎಲ್ಲಿ ಸಾರ್? ಸ್ಪೋಕ್ ಬಿಚ್ಚಬೇಡಿ, ಚಕ್ರ ಸಮೇತ ತನ್ನಿ” ಎಂದರು. ಸ್ಪೋಕ್ ಬಿಗಿತಕ್ಕೆ ಡ್ರಮ್ ಸ್ವಲ್ಪ ಎಳೆದುಕೊಂಡಿರುತ್ತದೆ, ಹಾಗಾಗಿ ರಿಮ್ ಜೊತೆಯಲ್ಲೇ ಲೇತ್‌ಗೆ ಕಟ್ಟಿ ಮೊದಲು ಡ್ರಮ್ ಗುಂಡಗೆ ಮಾಡಬೇಕಂತೆ. ಆಮೇಲೆ ದಪ್ಪ ಲೈನರ್ ಅಂಟಿಸಿ, ಕ್ಲ್ಯಾಂಪ್ ಹಾಕಿ ಓವನ್‌ನಲ್ಲಿ ಕಾಯಿಸಿ, ನನ್ನ ಡ್ರಮ್ಮಿನ ಬಾಗಿಗೆ ಸರಿಯಾಗಿ ಅರೆದು ಕೊಟ್ಟರು. ತುದಿಗಳನ್ನು ಓರೆಯಾಗಿ ತೆಗೆದಿದ್ದರು, ಕೀರಲು ಸದ್ದು ಬರಬಾರದು ಅಂತ. ಲೈನರ್ ಕೆಲಸದ ಖರ್ಚು ಆ ರೆಡಿಮೇಡ್ ಶೂ ಜೋಡಿಗಿಂತ ಕಡಿಮೆ. ಲೇತ್ ಕೂಲಿ ಸೇರಿಸಿದರೆ ಸ್ವಲ್ಪ ಜಾಸ್ತಿ, ಅಷ್ಟೇ.

ಇದಾಗಿ ಎರಡು ಮಳೆಗಾಲ ಕಳೆಯಿತು. ಮುಂದಿನ ಬ್ರೇಕ್ ಈಗ ಎರಡು ಬೆರಳಿಗೇ ಹಿಡಿಯುತ್ತದೆ. ಭಾನುವಾರ ಬೆಳಿಗ್ಗೆ ಕಾಫಿ ಲೋಟ ಪಕ್ಕದಲ್ಲಿಟ್ಟುಕೊಂಡು ಸೆಂಟರ್ ಸ್ಟ್ಯಾಂಡ್ ಹಾಕಿ ಚಕ್ರ ತಿರುಗಿಸುತ್ತೇನೆ. ಸರ್ ಅಂತ ಸಣ್ಣ ಸದ್ದು ಬರುವವರೆಗೆ ಕೇಬಲ್ ನಟ್ ಬಿಗಿ ಮಾಡುವುದು, ಆಮೇಲೆ ಒಂದು ಅರ್ಧ ಸುತ್ತು ಸಡಿಲ. ಮನೆಯವರಿಗೆ ಇದು ಸುಮ್ನೆ ಕಾಲಹರಣ. ಚಕ್ರ ಬಿಚ್ಚಿ ಹಾಕಿದಾಗಲೆಲ್ಲ ಆಕ್ಸಲ್ ನಟ್ ಪೂರ್ತಿ ಬಿಗಿಯುವ ಮುಂಚೆ ಬ್ರೇಕ್ ಹಿಡಿದುಕೊಂಡಿರಿ, ಶೂ ಕೂರಿಸಿದ ಪ್ಲೇಟ್ ನಡುವಿಗೆ ಬಂದು ಕೂರುತ್ತದೆ. ಇನ್ನೊಂದು: ಡ್ರಮ್ ಒಳಗಿನ ಪುಡಿಯನ್ನು ಬಾಯಲ್ಲಿ ಊದಬೇಡಿ, ಹಳೆ ಲೈನರ್‌ನಲ್ಲಿ ಆಸ್ಬೆಸ್ಟಸ್ ಇರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿ.

ಜೋರು ಮಳೆಯಲ್ಲಿ ನೀರು ಹೊಕ್ಕರೆ ಮೊದಲ ಹಿಡಿತ ಜಾರುತ್ತದೆ, ಸ್ವಲ್ಪ ದೂರ ಲಿವರ್ ಮೆತ್ತಗೆ ಎಳೆದುಕೊಂಡೇ ಓಡಿಸಬೇಕು. ಡ್ರಮ್ ಬ್ರೇಕ್ ಅಂದ ಮೇಲೆ ಅದು ಇದ್ದದ್ದೇ. ಹಿಂದಿನ ಚಕ್ರದ ಬ್ರೇಕಿಗೂ ಇದೇ ಕೆಲಸ ಮಾಡಿಸಬೇಕು, ಆದರೆ ಅದರ ಕ್ಯಾಮ್ ಸವೆದು ಲಟಲಟ ಅಲ್ಲಾಡುತ್ತಿದೆ. ರೆಡಿಮೇಡ್ ಕ್ಯಾಮ್ ತರಲು ನನಗಂತೂ ಧೈರ್ಯ ಬರುತ್ತಿಲ್ಲ. ಯಾರಾದರೂ ಹಳೆಯದಕ್ಕೇ ಬುಷ್ (ತೂತಿನೊಳಗೆ ಕೂರುವ ಬಳೆ) ಹಾಕಿಸಿದ್ದರೆ ಎಷ್ಟು ದಿನ ಬಾಳಿಕೆ ಬಂತು ಅಂತ ಹೇಳಿ.