ಮಾಟುಂಗಾದಲ್ಲಿ ಎಲೆ ಊಟ

ಮುಂಬೈನಲ್ಲಿ ಊರಿನ ಊಟ ಬೇಕು ಅನ್ನಿಸಿದರೆ ನಾನು ಸೀದಾ ಮಾಟುಂಗಾಕ್ಕೆ ಹೋಗುತ್ತೇನೆ. ಸ್ಟೇಷನ್ ಹತ್ತಿರವೇ, ಮಹಡಿ ಮೇಲೆ, ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್. 1942ರಿಂದ ನಡೆಯುತ್ತಿದೆ. ಬಾಳೆಲೆ ಊಟವನ್ನೇ ಹೇಳಿ. ಅನ್ನದ ನಡುವೆ ಗುಂಡಿ ಮಾಡಿದ ಕೂಡಲೇ ಬಿಸಿ ಸಾರು ಬೀಳುತ್ತದೆ. ಎಲೆ ದಾಟಿ ಹರಿಯುವ ಮೊದಲೇ ಬೇಗ ಬೇಗ ಕಲಸಿಕೊಳ್ಳಬೇಕು. ಆ ಮೊದಲ ತುತ್ತಿಗೆ ಪ್ರಯಾಣದ ಸುಸ್ತೆಲ್ಲ ಹೋಗುತ್ತದೆ. ಮಧ್ಯಾಹ್ನ ಜನ ಜಾಸ್ತಿ, ಸ್ವಲ್ಪ ಮುಂಚೆ ಹೋಗಿ. ತಿಂದು ಸುಮ್ನೆ ಹರಟುತ್ತಾ ಕೂರುವ ಜಾಗ ಇದಲ್ಲ, ಹೊರಗೆ ಹಸಿದವರು ಕಾಯುತ್ತಿರುತ್ತಾರೆ.

ಬೆಳಗಿನ ತಿಂಡಿಗಾದರೆ ಕಿಂಗ್ಸ್ ಸರ್ಕಲ್‌ನ ಕೆಫೆ ಮದ್ರಾಸ್. ಮಸಾಲೆ ದೋಸೆಗಿಂತ ಅಲ್ಲಿನ ರಾಗಿ ದೋಸೆಯೇ ನನಗೆ ಇಷ್ಟ. ಅಂಚು ಗರಿಗರಿ ಇರುವಾಗಲೇ ಮುರಿದು ತಿನ್ನಿ. ಜೊತೆಗೆ ಫಿಲ್ಟರ್ ಕಾಫಿ ಇರಲೇಬೇಕು, ಅಲ್ವಾ?