ಪಿಕಪ್‌ಗೆ ಹೈ ಐಡಲ್ ಸ್ವಿಚ್ ಹಾಕಿಸುವ ಮೊದಲು ಇದನ್ನು ಓದಿ

ಮೀನಿನ ಗಾಡಿ, ಐಸ್‌ಕ್ರೀಂ ಗಾಡಿ, ಹಾಲಿನ ಗಾಡಿ ಇಟ್ಟುಕೊಂಡವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಿಮ್ಮ ಡೀಸೆಲ್ ಪಿಕಪ್‌ಗೆ ಹೈ ಐಡಲ್ ಸ್ವಿಚ್ ಹಾಕಿಕೊಡ್ತೇವೆ ಅಂತ ಯಾರಾದರೂ ಹೇಳಿದರೆ ಮೊದಲು ಒಂದೇ ಪ್ರಶ್ನೆ ಕೇಳಿ. ಹ್ಯಾಂಡ್‌ಬ್ರೇಕ್ ಇಳಿಸಿದ ಕೂಡಲೇ, ಕ್ಲಚ್ ತುಳಿದ ಕೂಡಲೇ ಅದು ತಾನಾಗಿ ಆಫ್ ಆಗುತ್ತದಾ? "ಇಲ್ಲ, ಡ್ರೈವರೇ ಆಫ್ ಮಾಡಬೇಕು" ಅಂತ ಉತ್ತರ ಬಂದರೆ ಗಾಡಿಯನ್ನು ಅಲ್ಲಿ ಬಿಡಬೇಡಿ. ನಮ್ಮ ಗಾಡಿಯಲ್ಲಿ ಅಂಥದ್ದೊಂದು ಸ್ವಿಚ್ ಇತ್ತು. ಅದರಿಂದ ಮಲ್ಪೆ ಬಂದರಿನಲ್ಲಿ ಒಬ್ಬರ ಕಾಲು ಮುರಿಯಿತು.

ಹೈ ಐಡಲ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಪಿಕಪ್ ನ್ಯೂಟ್ರಲ್‌ನಲ್ಲಿ ನಿಂತಾಗ ಡೀಸೆಲ್ ಎಂಜಿನ್ ಸಾಮಾನ್ಯವಾಗಿ 800 ಆರ್‌ಪಿಎಂ ಆಸುಪಾಸಿನಲ್ಲಿ ತಿರುಗುತ್ತದೆ. ಫ್ರಿಜ್ ಬಾಕ್ಸ್‌ನ ಕಂಪ್ರೆಸರ್ ಎಂಜಿನ್ನಿನ ಬೆಲ್ಟ್‌ನಿಂದಲೇ ಓಡುವುದಾದರೆ ಆ ವೇಗ ಅದಕ್ಕೆ ಸಾಲುವುದಿಲ್ಲ. ಆಲ್ಟರ್ನೇಟರ್ ಕೂಡ ಕಡಿಮೆ ಕರೆಂಟ್ ಕೊಡುತ್ತದೆ. ಅದೇ 1200, 1500ಕ್ಕೆ ಏರಿಸಿದರೆ ಗಾಡಿ ನಿಂತಿದ್ದರೂ ಬಾಕ್ಸ್ ಚೆನ್ನಾಗಿ ತಣ್ಣಗಾಗುತ್ತದೆ. ಹಳೆಯ ಗಾಡಿಗಳಲ್ಲಿ ಇದಕ್ಕೆ ಹ್ಯಾಂಡ್ ಎಕ್ಸಲರೇಟರ್ ಅಂತ ಒಂದು ಕೇಬಲ್ ಇರುತ್ತಿತ್ತು. ಎಳೆದು ಇಟ್ಟರೆ ಆಯಿತು.

ಅಮೆರಿಕದ ದೊಡ್ಡ ಡೀಸೆಲ್ ಪಿಕಪ್‌ಗಳಲ್ಲಿ ಇದು ಕಂಪನಿಯವರೇ ಕೊಡುವ ಸೌಲಭ್ಯ. ಅಲ್ಲಿ ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ ಎಂಜಿನ್ ಬಿಸಿ ಮಾಡಬೇಕು. ಗಾಡಿ ನಿಲ್ಲಿಸಿ ಕ್ರೇನ್, ಪಂಪ್, ಆಂಬುಲೆನ್ಸ್ ಉಪಕರಣ ಓಡಿಸಬೇಕು. ಫೋರ್ಡ್‌ನ ಸೂಪರ್ ಡ್ಯೂಟಿ ಪಿಕಪ್‌ನಲ್ಲಿ ಇದು ಕೆಲಸ ಮಾಡಬೇಕಾದರೆ ಗೇರ್ ಪಾರ್ಕ್‌ನಲ್ಲಿರಬೇಕು, ಪಾರ್ಕಿಂಗ್ ಬ್ರೇಕ್ ಹಾಕಿರಬೇಕು, ಬ್ರೇಕ್ ಪೆಡಲ್ ಮೇಲೆ ಕಾಲು ಇರಬಾರದು, ಗಾಡಿ ಪೂರ್ತಿ ನಿಂತಿರಬೇಕು. ಇದರಲ್ಲಿ ಒಂದು ತಪ್ಪಿದರೂ ಎಂಜಿನ್ ತಾನಾಗಿ ಮಾಮೂಲಿ ಐಡಲ್‌ಗೆ ಇಳಿಯುತ್ತದೆ. ಆರ್‌ಪಿಎಂ ಏರಿಸುವುದು ಸುಲಭದ ಕೆಲಸ. ಸರಿಯಾದ ಹೊತ್ತಿಗೆ ಇಳಿಸುವ ಈ ವ್ಯವಸ್ಥೆ ಇದೆಯಲ್ಲ, ಕಂಪನಿಯವರ ನಿಜವಾದ ಕೆಲಸ ಇರುವುದು ಅದರಲ್ಲೇ.

ನಮ್ಮ ಗಾಡಿಗೆ ಇದು ಹೇಗೆ ಬಂತು ಅಂದರೆ, ಜೂನ್, ಜುಲೈ ಇಲ್ಲಿ ಟ್ರಾಲಿಂಗ್ ನಿಷೇಧ. ಬೋಟ್ ಇಲ್ಲ, ಲೋಡ್ ಇಲ್ಲ. ಮೀನಿನ ಗಾಡಿಯವರು ಗಾಡಿ ಕೆಲಸ ಮಾಡಿಸುವುದು ಆಗಲೇ. ನಾವೂ ಪಿಕಪ್ಪಿಗೆ ಇನ್ಸುಲೇಟೆಡ್ ಬಾಕ್ಸ್ ಮತ್ತು ಫ್ರಿಜ್ ಯೂನಿಟ್ ಕೂರಿಸಲು ಮಂಗಳೂರಿನ ಒಂದು ವರ್ಕ್‌ಶಾಪ್‌ಗೆ ಕೊಟ್ಟೆವು. ಗಾಡಿ ವಾಪಸ್ ಬಂದಾಗ ಸ್ಟಿಯರಿಂಗ್ ಕೆಳಗೆ, ಮೊಣಕಾಲು ತಾಗುವ ಜಾಗದಲ್ಲಿ ಒಂದು ಸಣ್ಣ ಕಪ್ಪು ಸ್ವಿಚ್ ಇತ್ತು. ಒತ್ತಿದರೆ ಎಂಜಿನ್ 1500ಕ್ಕೆ ಏರುತ್ತದೆ. ಇದೇನು ಅಂತ ಕೇಳಿದೆ. "ಕಂಪನಿಯದ್ದೇ ಅಣ್ಣ, ಇಸಿಎಂ ಒಳಗೆ ಉಂಟು ಅದು. ನಾವು ಆನ್ ಮಾಡಿ ಕೊಟ್ಟದ್ದು ಅಷ್ಟೇ. ಎಂತ ಸಮಸ್ಯೆ ಇಲ್ಲ" ಅಂದರು. ಇಸಿಎಂ ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್. ಬಿಲ್‌ನಲ್ಲೂ "ಐಡಲ್ ಸೆಟ್ಟಿಂಗ್" ಅಂತ ಬರೆದಿದ್ದರು.

ಆ ಮಾತು ಸುಳ್ಳು. ಕೆಲವು ಗಾಡಿಗಳ ಇಸಿಎಂನಲ್ಲಿ ಇಂಥ ಸೌಲಭ್ಯ ಇರುತ್ತದೆ, ಡೀಲರ್ ಕಂಪ್ಯೂಟರ್ ಹಚ್ಚಿ ಆನ್ ಮಾಡಿಕೊಡುತ್ತಾರೆ, ಅದು ನಿಜ. ನಮ್ಮ ಗಾಡಿಯಲ್ಲಿ ಮಾಡಿದ್ದು ಬೇರೆಯೇ ಕೆಲಸ. ಅದು ಗೊತ್ತಾದದ್ದು ಅಪಘಾತ ಆದ ಮೇಲೆ, ಪೆಡಲ್ ಬಿಚ್ಚಿದಾಗ.

ಈಗಿನ ಡೀಸೆಲ್ ಗಾಡಿಗಳಲ್ಲಿ ಎಕ್ಸಲರೇಟರ್‌ಗೆ ಕೇಬಲ್ ಇಲ್ಲ. ಪೆಡಲ್‌ನಲ್ಲಿ ಎರಡು ಸೆನ್ಸರ್ ಇರುತ್ತವೆ. ನೀವು ಎಷ್ಟು ಒತ್ತಿದಿರಿ ಅನ್ನುವುದನ್ನು ಎರಡೂ ಬೇರೆ ಬೇರೆ ವೋಲ್ಟೇಜ್‌ನಲ್ಲಿ ಇಸಿಎಂಗೆ ಹೇಳುತ್ತವೆ. ಹಲವು ಗಾಡಿಗಳಲ್ಲಿ ಒಂದರ ವೋಲ್ಟೇಜ್ ಇನ್ನೊಂದರ ಅರ್ಧ. ಇಸಿಎಂ ಯಾವಾಗಲೂ ಎರಡನ್ನೂ ಹೋಲಿಸಿ ನೋಡುತ್ತಾ ಇರುತ್ತದೆ. ತಾಳೆ ಆಗದಿದ್ದರೆ ಚೆಕ್ ಎಂಜಿನ್ ಲೈಟ್ ಹಾಕಿ ಎಂಜಿನ್ ಶಕ್ತಿ ಇಳಿಸಿಬಿಡುತ್ತದೆ. ಒಂದು ಸೆನ್ಸರ್ ಕೆಟ್ಟರೂ ಗಾಡಿ ತಾನಾಗಿ ನುಗ್ಗಬಾರದು ಅಂತಲೇ ಈ ಏರ್ಪಾಡು. ವರ್ಕ್‌ಶಾಪ್‌ನವರು ಆ ತಂತಿಗಳನ್ನೇ ನಡುವೆ ಸುಲಿದು, ರೆಸಿಸ್ಟರ್ ಸೇರಿಸಿ, ಸ್ವಿಚ್‌ಗೆ ಎಳೆದಿದ್ದರು. ಸ್ವಿಚ್ ಒತ್ತಿದರೆ ಡ್ರೈವರ್ ಪೆಡಲ್ ಒತ್ತಿ ಹಿಡಿದಿದ್ದಾನೆ ಅಂತ ಇಸಿಎಂ ನಂಬುತ್ತದೆ. ಹ್ಯಾಂಡ್‌ಬ್ರೇಕ್ ಇದೆಯೋ, ಗೇರ್ ಬಿದ್ದಿದೆಯೋ, ಹಿಂದೆ ಯಾರಿದ್ದಾರೋ, ಆ ಸ್ವಿಚ್‌ಗೆ ಒಂದೂ ಗೊತ್ತಾಗುವುದಿಲ್ಲ.

ಮೊದಲ ಸೂಚನೆ ಮಳೆಗಾಲ ಮುಗಿಯುವ ಮೊದಲೇ ಬಂದಿತ್ತು. ಪಡುಬಿದ್ರಿ ಹತ್ತಿರ ಹೈವೇಯಲ್ಲಿ ಲೋಡ್ ಇರುವಾಗಲೇ ಗಾಡಿ ಸೋತುಹೋಯಿತು. ಎಕ್ಸಲರೇಟರ್ ಪೂರ್ತಿ ಒತ್ತಿದರೂ ತೆವಳುತ್ತಿತ್ತು. ಸ್ಕ್ಯಾನರ್ ಹಾಕಿದಾಗ ಪಿ2138 ಕೋಡ್. ಪೆಡಲ್‌ನ ಎರಡು ಸೆನ್ಸರ್ ತಾಳೆ ಆಗುತ್ತಿಲ್ಲ ಅಂತ ಅದರ ಅರ್ಥ. ದಾರಿಯ ಗ್ಯಾರೇಜ್‌ನವರು ಕೋಡ್ ಅಳಿಸಿದರು, ಗಾಡಿ ಓಡಿತು. ವರ್ಕ್‌ಶಾಪ್‌ಗೆ ಫೋನ್ ಮಾಡಿದರೆ "ಮಳೆ ನೀರು ಹೋಗಿರಬೇಕು ಅಣ್ಣ, ಒಣಗಿದರೆ ಸರಿಯಾಗ್ತದೆ" ಅಂದರು. ನಿಮ್ಮ ಗಾಡಿಯಲ್ಲಿ ಈ ಕೋಡ್ ಬಂದರೆ, ಮೇಲಾಗಿ ಹೊರಗಿನವರು ವೈರಿಂಗ್ ಮುಟ್ಟಿದ ಗಾಡಿಯಾದರೆ, ಅಳಿಸಿ ಮುಂದೆ ಹೋಗಬೇಡಿ. ಪೆಡಲ್ ವೈರ್ ನೋಡಿಸಿ.

ಇನ್ನೊಂದು ಸೂಚನೆ ಎಂಜಿನ್ ಆಯಿಲ್‌ನಲ್ಲಿತ್ತು. ಡಿಪ್‌ಸ್ಟಿಕ್ ಎಳೆದರೆ ಆಯಿಲ್ ಮೇಲಿನ ಗೆರೆ ದಾಟಿತ್ತು, ಮೂಸಿದರೆ ಡೀಸೆಲ್ ವಾಸನೆ. ನಮ್ಮದು ಡಿಪಿಎಫ್ ಅನ್ನುವ ಹೊಗೆ ಫಿಲ್ಟರ್ ಇರುವ ಬಿಎಸ್6 ಗಾಡಿ. ಹೊಗೆಯ ಮಸಿ ಆ ಫಿಲ್ಟರ್‌ನಲ್ಲಿ ಕೂರುತ್ತದೆ. ಅದನ್ನು ಸುಡಬೇಕಾದರೆ ಹೊಗೆ ಕೊಳವೆಯ ಒಳಗೆ 550ರಿಂದ 600 ಡಿಗ್ರಿ ಶಾಖ ಬೇಕು. ನಿಂತಲ್ಲಿ ಲೋಡ್ ಇಲ್ಲದೆ ಓಡುವ ಎಂಜಿನ್‌ನಲ್ಲಿ ಅಷ್ಟು ಶಾಖ ತಾನಾಗಿ ಹುಟ್ಟುವುದಿಲ್ಲ. ಆಗ ಇಸಿಎಂ ಹೆಚ್ಚುವರಿ ಡೀಸೆಲ್ ಚಿಮ್ಮಿಸಿ ಸುಡಲು ನೋಡುತ್ತದೆ. ಅದು ಅರ್ಧಕ್ಕೆ ನಿಂತು ಮತ್ತೆ ಮತ್ತೆ ಶುರುವಾದರೆ ಸಿಲಿಂಡರ್ ಗೋಡೆಗೆ ತಾಗಿದ ಡೀಸೆಲ್ ಕೆಳಗಿಳಿದು ಆಯಿಲ್ ಸೇರುತ್ತದೆ. ಆಯಿಲ್ ತೆಳುವಾದರೆ ಬೇರಿಂಗ್, ಟರ್ಬೊ ಎರಡಕ್ಕೂ ಕುತ್ತು. ನಿಂತಲ್ಲಿ ಎಂಜಿನ್ ಓಡಿಸಲೇಬೇಕು ಅಂದರೆ 800ಕ್ಕಿಂತ 1200 ಒಳ್ಳೆಯದೇ, ಅದನ್ನು ನಾನು ಇಲ್ಲ ಅನ್ನುವುದಿಲ್ಲ. ಆದರೆ ಸ್ವಿಚ್ ಕೈಗೆ ಸಿಕ್ಕಿದ ಮೇಲೆ ಗಾಡಿ ಗಂಟೆಗಟ್ಟಲೆ ಹಾಗೇ ಓಡುತ್ತದೆ, ಅಲ್ವಾ? ಏಲಂ ಮುಗಿಯುವ ತನಕ, ಐಸ್ ಬರುವ ತನಕ, ಡ್ರೈವರ್ ಕ್ಯಾಬಿನ್‌ನಲ್ಲಿ ಎಸಿ ಹಾಕಿ ಒಂದು ನಿದ್ದೆ ತೆಗೆಯುವ ತನಕ. ಈ ನಿದ್ದೆಯೂ ಅಪಾಯವೇ. ಹೊಗೆ ಪೈಪ್ ಎಲ್ಲಾದರೂ ಸೋರುತ್ತಿದ್ದರೆ ಕಾರ್ಬನ್ ಮೊನಾಕ್ಸೈಡ್ ಕ್ಯಾಬಿನ್ ಒಳಗೆ ಬರುತ್ತದೆ. ಅದಕ್ಕೆ ವಾಸನೆ ಇಲ್ಲ.

ಆ ದಿನದ ವಿಷಯ ಹೇಳುತ್ತೇನೆ. ಬೆಳಗಿನ ಜಾವ ಬಂದರಿನಲ್ಲಿ ಎಷ್ಟು ಸದ್ದು ಇರುತ್ತದೆ ಅಂತ ಅಲ್ಲಿ ಹೋದವರಿಗೆ ಗೊತ್ತು. ಐಸ್ ಪುಡಿ ಮಾಡುವ ಮೆಷಿನ್, ಬೋಟ್‌ಗಳ ಎಂಜಿನ್, ಏಲಂ ಕೂಗು, ಮೇಲೆ ನಮ್ಮದೇ ಫ್ರಿಜ್ ಕಂಪ್ರೆಸರ್. ಈ ಗದ್ದಲದಲ್ಲಿ ನಿಮ್ಮ ಎಂಜಿನ್ 800ರಲ್ಲಿದೆಯೋ 1500ರಲ್ಲಿದೆಯೋ ಕಿವಿಗೆ ತಿಳಿಯುವುದೇ ಇಲ್ಲ. ಬಂಗುಡೆ ಲೋಡ್. ಕ್ರೇಟ್ ಎತ್ತುವವರಿಗೆ ದೂರ ಆಗುತ್ತದೆ ಅಂತ ಗಾಡಿಯನ್ನು ಒಂದು ಚೂರು ಹಿಂದಕ್ಕೆ ತರಲು ಹೇಳಿದರು. ನಮ್ಮ ಡ್ರೈವರ್ ಹುಡುಗ ಹತ್ತಿ ಕೂತ, ಹ್ಯಾಂಡ್‌ಬ್ರೇಕ್ ಇಳಿಸಿದ, ರಿವರ್ಸ್ ಹಾಕಿ ಕ್ಲಚ್ ಬಿಟ್ಟ. ಮಾಮೂಲಿ ಐಡಲ್‌ನಲ್ಲಿ ಕ್ಲಚ್ ಮೆಲ್ಲಗೆ ಬಿಟ್ಟರೆ ಗಾಡಿ ತೆವಳಿಕೊಂಡು ಬರುತ್ತದೆ, ಅಷ್ಟೇ. ದಿನಾ ಅವನು ಮಾಡುವುದೂ ಅದನ್ನೇ. ಈ ಸಲ ಗಾಡಿ ಒಮ್ಮೆಲೇ ಹಿಂದಕ್ಕೆ ನುಗ್ಗಿತು. ಕ್ರೇಟ್ ಇಳಿಸಲು ಬಗ್ಗಿದ್ದ ಲೋಡಿಂಗ್‌ನ ಅಣ್ಣನ ಕಾಲು ಬಂಪರ್ ಮತ್ತು ಸಿಮೆಂಟ್ ಕಟ್ಟೆಯ ನಡುವೆ ಸಿಕ್ಕಿತು. ಮೊಣಕಾಲಿನ ಕೆಳಗೆ ಮೂಳೆ ಎರಡು ಕಡೆ ತುಂಡಾಯಿತು.

ಹುಡುಗ ಬ್ರೇಕ್ ಒತ್ತಿದ. ಆದರೆ ಎಂಜಿನ್ ಇನ್ನೂ ತಳ್ಳುತ್ತಲೇ ಇತ್ತು. ಕ್ಲಚ್ ತುಳಿದ ಮೇಲೆಯೇ ನಿಂತದ್ದು. ಅವನನ್ನು ಅಲ್ಲಿ ಎಲ್ಲರೂ ಬೈದರು. ವರ್ಕ್‌ಶಾಪ್‌ನವರೂ ಆಮೇಲೆ ಅದೇ ಮಾತು ಹಿಡಿದರು: "ಆಫ್ ಮಾಡಿ ಗೇರ್ ಹಾಕಬೇಕಲ್ವಾ ಅಣ್ಣ?" ನಾನು ಇದನ್ನು ಒಪ್ಪುವುದಿಲ್ಲ. ನಿದ್ದೆಗಣ್ಣಿನಲ್ಲಿ, ಕತ್ತಲಲ್ಲಿ, ಅಷ್ಟು ಸದ್ದಿನ ನಡುವೆ ಕೆಲಸ ಮಾಡುವ ಮನುಷ್ಯ ಒಂದು ದಿನ ಮರೆತೇ ಮರೆಯುತ್ತಾನೆ. ಅದಕ್ಕಾಗಿಯೇ ಕಂಪನಿಗಳು ತಾನಾಗಿ ಆಫ್ ಆಗುವಂತೆ ಮಾಡಿರುವುದು. ಆ ರಕ್ಷಣೆ ಇಲ್ಲದ ಸ್ವಿಚ್ ಹಾಕಿ, ಕಂಪನಿಯದ್ದೇ ಅಂತ ಸುಳ್ಳು ಹೇಳಿ, ಕೊನೆಗೆ ಇಪ್ಪತ್ತೆರಡು ವರ್ಷದ ಹುಡುಗನ ತಲೆಗೆ ಕಟ್ಟುವುದು ಅನ್ಯಾಯ.

ಸರ್ವಿಸ್ ಸೆಂಟರ್‌ನಲ್ಲಿ ಪೆಡಲ್ ಬಿಚ್ಚಿದಾಗ ನಾನು ಪಕ್ಕದಲ್ಲೇ ಇದ್ದೆ. ಕರಿ ಇನ್ಸುಲೇಷನ್ ಟೇಪ್ ಸುತ್ತಿದ್ದ ಗಂಟು. ಬಿಚ್ಚಿದರೆ ಬೆಸುಗೆ ಇಲ್ಲ, ಸುಮ್ನೆ ತಿರುಚಿದ್ದು. ತಾಮ್ರದ ಎಳೆಗಳ ಮೇಲೆ ಹಸಿರು ಕಿಲುಬು. ಕಡಲ ಬದಿಯ ಉಪ್ಪು ಗಾಳಿ, ಒದ್ದೆ ಚಪ್ಪಲಿಯಿಂದ ಮ್ಯಾಟ್ ಮೇಲೆ ಬೀಳುವ ಮೀನು ನೀರು, ಎರಡೂ ಸೇರಿ ಒಂದೇ ಮಳೆಗಾಲದಲ್ಲಿ ಹಾಗಾಗಿತ್ತು. ಕಿಲುಬು ಹಿಡಿದರೆ ತಂತಿಯ ರೆಸಿಸ್ಟೆನ್ಸ್ ಬದಲಾಗುತ್ತದೆ. ಇಸಿಎಂಗೆ ಹೋಗುವ ವೋಲ್ಟೇಜ್ ಏರಿಳಿಯುತ್ತದೆ. ಪಡುಬಿದ್ರಿಯಲ್ಲಿ ಗಾಡಿ ಸೋತದ್ದು ಅದರಿಂದಲೇ ಅಂತ ಅಲ್ಲಿನ ಮೆಕ್ಯಾನಿಕ್ ತೋರಿಸಿಕೊಟ್ಟರು. ಹೊರಗಿನವರು ತಂತಿ ಕತ್ತರಿಸಿದ ಕಾರಣ ಹಾರ್ನೆಸ್ (ತಂತಿಗಳ ಕಟ್ಟು), ಪೆಡಲ್ ಯಾವುದಕ್ಕೂ ವಾರಂಟಿ ಇಲ್ಲ ಅಂದರು. ನಿಯಮ ಹಾಗೇ ಇದೆ, ವಾದ ಮಾಡಲಿಲ್ಲ. ಇನ್ಶೂರೆನ್ಸ್ ಸರ್ವೇಯರ್ ಆ ಗಂಟಿನ ಫೋಟೋ ತೆಗೆದುಕೊಂಡು ಹೋಗಿದ್ದಾರೆ. ಕ್ಲೇಮ್ ಇನ್ನೂ ತೀರ್ಮಾನ ಆಗಿಲ್ಲ. ಆಸ್ಪತ್ರೆ ಖರ್ಚನ್ನು ಸದ್ಯ ನಾವೇ ನೋಡಿಕೊಂಡಿದ್ದೇವೆ. ಕಾಲಿಗೆ ರಾಡ್ ಹಾಕಿದ್ದಾರೆ. ಸೀಸನ್ ಜೋರಿರುವ ತಿಂಗಳುಗಳಲ್ಲೇ ಆ ಅಣ್ಣನ ಮನೆಗೆ ದುಡಿಮೆ ನಿಂತುಹೋಯಿತು. ನನಗೆ ಎಲ್ಲಕ್ಕಿಂತ ಹೊಟ್ಟೆ ಉರಿಯುವುದು ಇದಕ್ಕೆ.

ನಿಮ್ಮ ಗಾಡಿಯಲ್ಲಿ, ಅಥವಾ ನೀವು ಕೊಳ್ಳಲು ಹೊರಟ ಸೆಕೆಂಡ್ ಹ್ಯಾಂಡ್ ಪಿಕಪ್‌ನಲ್ಲಿ ಇಂಥ ಸ್ವಿಚ್ ಇದ್ದರೆ ಅದು ಯಾವ ಜಾತಿಯದ್ದು ಅಂತ ತಿಳಿಯಲು ಒಂದು ದಾರಿ ಇದೆ. ಸ್ಕ್ಯಾನರ್ ಹಚ್ಚಿ ಲೈವ್ ಡೇಟಾದಲ್ಲಿ ಎಕ್ಸಲರೇಟರ್ ಪೆಡಲ್ ಎಷ್ಟು ಪರ್ಸೆಂಟ್ ಅಂತ ನೋಡಿ. ಕಾಲು ತೆಗೆದಿರಲಿ. ಸ್ವಿಚ್ ಒತ್ತಿ. ಪೆಡಲ್ ಸೊನ್ನೆಯಲ್ಲೇ ಇದ್ದು ಆರ್‌ಪಿಎಂ ಮಾತ್ರ ಏರಿದರೆ ಇಸಿಎಂ ತಾನೇ ಐಡಲ್ ಏರಿಸುತ್ತಿದೆ ಅಂತ. ಕಾಲಿಡದೆಯೇ ಪೆಡಲ್ ಒತ್ತಿದಂತೆ ತೋರಿಸಿದರೆ ಯಾರೋ ತಂತಿಗೆ ಕೈ ಹಾಕಿದ್ದಾರೆ. ಸ್ಕ್ಯಾನರ್ ಇಲ್ಲದಿದ್ದರೆ ಮೊಬೈಲ್ ಟಾರ್ಚ್ ಹಿಡಿದು ಪೆಡಲ್ ಕನೆಕ್ಟರ್‌ನಿಂದ ಮೇಲಕ್ಕೆ ಹೋಗುವ ವೈರ್ ನೋಡಿ. ಕಂಪನಿಯ ಸುತ್ತು ನಡುವೆ ತುಂಡಾಗಿ ಬೇರೆ ಟೇಪ್ ಕಂಡರೆ ಅನುಮಾನ ಪಡಿ. ಇಸಿಎಂನಿಂದಲೇ ಬಂದ ಹೈ ಐಡಲ್ ಆದರೂ ಬಿಡಬೇಡಿ. ಖಾಲಿ ಜಾಗದಲ್ಲಿ, ಗಾಡಿಯ ಸುತ್ತ ಯಾರೂ ಇಲ್ಲದಾಗ ಅದನ್ನು ಆನ್ ಮಾಡಿ, ಗೇರ್ ನ್ಯೂಟ್ರಲ್‌ನಲ್ಲೇ ಇರಲಿ, ಹ್ಯಾಂಡ್‌ಬ್ರೇಕ್ ಇಳಿಸಿ ನೋಡಿ, ಕ್ಲಚ್ ತುಳಿದು ನೋಡಿ. ಆರ್‌ಪಿಎಂ ಬೀಳಬೇಕು.

ಬಾಕ್ಸ್ ತಣ್ಣಗೆ ಇಡಲು ಬೇರೆ ದಾರಿ ಇಲ್ಲವೇ ಅಂದರೆ ಇದೆ. ಎಲೆಕ್ಟ್ರಿಕ್ ಸ್ಟ್ಯಾಂಡ್‌ಬೈ ಇರುವ ಫ್ರಿಜ್ ಯೂನಿಟ್ ಸಿಗುತ್ತದೆ. ಗಾಡಿ ನಿಂತಲ್ಲಿ ಕರೆಂಟ್‌ಗೆ ಪ್ಲಗ್ ಹಾಕಿದರೆ ಎಂಜಿನ್ ಆಫ್ ಇದ್ದರೂ ಓಡುತ್ತದೆ. ಬೆಲೆ ಜಾಸ್ತಿ, ಆದರೆ ಡೀಸೆಲ್ ಉಳಿಯುತ್ತದೆ. ಮೀನಿನವರಿಗೆ ಐಸ್ ಇದ್ದೇ ಇದೆ. ಒಳ್ಳೆಯ ಇನ್ಸುಲೇಷನ್ ಇರುವ ಬಾಕ್ಸ್‌ನಲ್ಲಿ ಮೀನು ಒಂದು ಪದರ, ಐಸ್ ಒಂದು ಪದರ ಹಾಕಿ ಬಾಗಿಲು ಮುಚ್ಚಿಟ್ಟರೆ ಲೋಡಿಂಗ್ ಮುಗಿಯುವ ತನಕ ಎಂಜಿನ್ ಆಫ್ ಇಟ್ಟರೂ ನಡೆಯುತ್ತದೆ. ನಾವು ಈಗ ಹಾಗೇ ಮಾಡುತ್ತಿದ್ದೇವೆ. ಹೈ ಐಡಲ್ ಬೇಕೇ ಬೇಕು ಅನ್ನುವವರು ಚಾಸಿ ನಂಬರ್ ಹಿಡಿದುಕೊಂಡು ಡೀಲರ್ ಬಳಿ ಹೋಗಿ, ನಮ್ಮ ಮಾಡೆಲ್‌ಗೆ ಕಂಪನಿಯಿಂದ ಈ ಸೌಲಭ್ಯ ಇದೆಯಾ ಅಂತ ಕೇಳಿ. ಇದೆ ಅಂದರೆ ಜಾಬ್ ಕಾರ್ಡ್‌ನಲ್ಲಿ ಬರೆಸಿಕೊಳ್ಳಿ. ಇಲ್ಲ ಅಂದರೆ ಬಿಟ್ಟುಬಿಡಿ.

ಈಗಾಗಲೇ ಪೆಡಲ್ ತಂತಿಗೆ ಜೋಡಿಸಿದ ಸ್ವಿಚ್ ಇದ್ದರೆ ಮುಂದಿನ ಲೋಡ್‌ಗೆ ಹೋಗುವ ಮೊದಲು ತೆಗೆಸಿ. ನೀವೇ ತಂತಿ ಕತ್ತರಿಸಲು ಹೋಗಬೇಡಿ. ಸಿಗ್ನಲ್ ತಂತಿ ತುಂಡಾದರೆ ಗಾಡಿ ನಡುದಾರಿಯಲ್ಲಿ ಶಕ್ತಿ ಕಳೆದುಕೊಳ್ಳುತ್ತದೆ. ಆ ಭಾಗದ ಹಾರ್ನೆಸ್ ಬದಲಿಸಿ ಮೊದಲಿನ ಹಾಗೆ ಮಾಡಿಸಿ. ಸ್ವಿಚ್ ಮುಟ್ಟದೆ ಆಫ್‌ನಲ್ಲೇ ಇಟ್ಟರೆ ಸಾಕು ಅಂದುಕೊಳ್ಳಬೇಡಿ. ಸ್ವಿಚ್ ಆಫ್ ಇದ್ದಾಗಲೂ ಆ ಕಿಲುಬು ಹಿಡಿಯುವ ಗಂಟು ಪೆಡಲ್ ತಂತಿಯಲ್ಲೇ ಇರುತ್ತದೆ.